ಕ್ರಿಸ್‌ಮಸ್ ಕಾರ್ಡಿನಿಂದ ಹೊರಟ ನಾಲ್ಕು ಅಕ್ಷರ

ಡಿಸೆಂಬರ್ ಬಂತೆಂದರೆ ನ್ಯೂಯಾರ್ಕ್, ಲಂಡನ್ನಿನ ಕಲಾ ಮ್ಯೂಸಿಯಂಗಳ ಅಂಗಡಿಗಳು ಕಲಾವಿದರ ಹೆಸರು ಹೊತ್ತ ಉಡುಗೊರೆಗಳಿಂದ ತುಂಬುತ್ತವೆ. ಸಹಿ ಹಾಕಿ ಸಂಖ್ಯೆ ಬರೆದ ಪ್ರಿಂಟು, ಪಿಂಗಾಣಿ ತಟ್ಟೆ, ಅಂಗೈಯಗಲದ ಶಿಲ್ಪ, ಗೋಡೆಗೆ ತೂಗುಹಾಕುವ ಬಟ್ಟೆ, ಹೀಗೆ. ಮೂಲ ಚಿತ್ರ ಕೊಳ್ಳಲಾಗದವರಿಗೆ ಆ ಕಲಾವಿದನ ಕೈಯ ಸ್ಪರ್ಶವಿರುವ ಏನನ್ನಾದರೂ ಕೊಡಿಸುವುದು ಈ ವ್ಯಾಪಾರದ ಬಂಡವಾಳ. ಇಲ್ಲಿ ಬೆಲೆಯನ್ನು ನಿರ್ಧರಿಸುವುದು ಚಿತ್ರದ ಅಂದಕ್ಕಿಂತ ಹೆಚ್ಚಾಗಿ ಒಂದು ಅಂಕಿ: ಒಟ್ಟು ಎಷ್ಟು ಪ್ರತಿ ಮಾಡಲಾಗಿದೆ? ಐವತ್ತೆಂದರೆ ಒಂದು ಬೆಲೆ, ಐನೂರೆಂದರೆ ಇನ್ನೊಂದು. ಅದಕ್ಕೇ ಇವುಗಳನ್ನು ಲಿಮಿಟೆಡ್ ಎಡಿಷನ್ ಎನ್ನುವುದು.

ಆ ಅಂಕಿಯನ್ನು ಯಾರೂ ನಿಗದಿ ಮಾಡದೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಕಲಾವಿದ ರಾಬರ್ಟ್ ಇಂಡಿಯಾನಾ ಅವರ ‘ಲವ್’ಗಿಂತ ದೊಡ್ಡ ಸಾಕ್ಷಿ ಸಿಗುವುದಿಲ್ಲ. ಮೇಲೆ ಎಲ್ ಮತ್ತು ಓರೆಯಾದ ಓ, ಕೆಳಗೆ ವಿ ಮತ್ತು ಇ. ಟೀ ಶರ್ಟು, ಕೀ ಚೈನು, ಕಾಫಿ ಲೋಟ, ಪ್ರವಾಸಿ ತಾಣದ ಫೋಟೊ ಕಟ್ಟೆ, ಎಲ್ಲೆಲ್ಲೂ ಇದನ್ನು ನೋಡಿದ್ದೇವೆ. ಇದಕ್ಕೊಬ್ಬ ಕರ್ತೃ ಇದ್ದಾನೆ ಎಂಬುದೇ ಹಲವರಿಗೆ ಹೊಳೆದಿರಲಿಕ್ಕಿಲ್ಲ. ಜಗತ್ತಿಗೆ ಇದು ಮೊದಲು ಕಾಣಿಸಿಕೊಂಡದ್ದು 1965ರ ಕ್ರಿಸ್‌ಮಸ್ ಕಾರ್ಡೊಂದರ ಮೇಲೆ. ಆ ಕಾರ್ಡು ಮಾಡಿಸಿದ್ದು ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್, ಎಲ್ಲರ ಬಾಯಲ್ಲಿ ಮೋಮಾ.

ಈ ಕಥೆಯನ್ನು ಕಲಾಲೋಕದಲ್ಲಿ ಒಂದೇ ಸಾಲಿನಲ್ಲಿ ಹೇಳಿ ಮುಗಿಸುವುದು ವಾಡಿಕೆ: ಹಕ್ಕುಸ್ವಾಮ್ಯದ ಗುರುತು ಹಾಕಲು ಮರೆತ ಕಲಾವಿದ ಕೋಟಿಗಟ್ಟಲೆ ಕಳೆದುಕೊಂಡ. ನನಗೆ ಈ ಸಾಲಿನ ಮೇಲೆ ನಂಬಿಕೆಯಿಲ್ಲ. ಅವರು ಕಳೆದುಕೊಂಡದ್ದು ಹೌದು. ಆದರೆ ಏನನ್ನು, ಯಾವಾಗ, ಯಾರ ಕೈಯಲ್ಲಿ ಎಂದು ಬಿಡಿಸಿ ನೋಡಿದರೆ ಕಥೆ ಬೇರೆಯೇ ಇದೆ.

ಕಾರ್ಡಿಗೆ ಮೊದಲು

1928ರ ಸೆಪ್ಟೆಂಬರ್ 13ರಂದು ಇಂಡಿಯಾನಾ ರಾಜ್ಯದ ನ್ಯೂ ಕ್ಯಾಸಲ್ ಎಂಬ ಊರಿನಲ್ಲಿ ಹುಟ್ಟಿದ ಇವರ ಹೆಸರು ರಾಬರ್ಟ್ ಕ್ಲಾರ್ಕ್. ಊರಿನ ಹೆಸರನ್ನು ತಮ್ಮ ಹೆಸರಿಗೆ ಸೇರಿಸಿಕೊಳ್ಳುವುದು ನಮಗೆ ಹೊಸದಲ್ಲ. ಇವರು 1958ರಲ್ಲಿ ಇಡೀ ರಾಜ್ಯದ ಹೆಸರನ್ನೇ ಇಟ್ಟುಕೊಂಡರು. ನ್ಯೂಯಾರ್ಕಿನ ಮ್ಯಾನ್‌ಹ್ಯಾಟನ್ ತುದಿಯಲ್ಲಿ, ಹಳೆಯ ಬಂದರಿನ ಬದಿಯ ಕೊಯೆಂಟೀಸ್ ಸ್ಲಿಪ್ ಎಂಬ ಓಣಿಯಲ್ಲಿ ಅವರ ಸ್ಟುಡಿಯೊ ಇತ್ತು. ಎಲ್ಸ್‌ವರ್ತ್ ಕೆಲಿ, ಆಗ್ನೆಸ್ ಮಾರ್ಟಿನ್, ಜೇಮ್ಸ್ ರೋಸೆನ್‌ಕ್ವಿಸ್ಟ್ ಎಂಬ ಕಲಾವಿದರು ನೆರೆಹೊರೆಯವರು. ಹಡಗು ವ್ಯಾಪಾರ ನಿಂತುಹೋಗಿದ್ದ ಆ ಕಟ್ಟಡಗಳಲ್ಲಿ ಪೆಟ್ಟಿಗೆಗಳ ಮೇಲೆ ಹೆಸರು ಬಳಿಯಲು ಬಳಸುತ್ತಿದ್ದ ಹಿತ್ತಾಳೆಯ ಅಕ್ಷರದಚ್ಚುಗಳು ಬಿದ್ದಿದ್ದವು. ಅವನ್ನು ಎತ್ತಿಕೊಂಡು ಹಳೆಯ ಮರದ ತೊಲೆಗಳ ಮೇಲೆ, ಆಮೇಲೆ ಕ್ಯಾನ್ವಾಸಿನ ಮೇಲೆ ಒಂದೊಂದೇ ಪದ ಬರೆಯತೊಡಗಿದರು. 1961ರಲ್ಲಿ ಮೋಮಾ ಅವರ ‘ದಿ ಅಮೆರಿಕನ್ ಡ್ರೀಮ್, 1’ ಚಿತ್ರವನ್ನು ಕೊಂಡುಕೊಂಡಿತು. ಹಾಗಾಗಿ ಕಾರ್ಡಿನ ಕೋರಿಕೆ ಬಂದಾಗ ಅವರು ಅನಾಮಧೇಯರೇನೂ ಆಗಿರಲಿಲ್ಲ.

1964ರ ನ್ಯೂಯಾರ್ಕ್ ವಿಶ್ವ ಮೇಳದಲ್ಲಿ ನಡೆದ ಒಂದು ಘಟನೆಯನ್ನು ಇಲ್ಲಿ ಹೇಳಲೇಬೇಕು. ಮೇಳದ ಒಂದು ಮಂಟಪದ ಹೊರಗೋಡೆಗೆ ಇಂಡಿಯಾನಾ ‘ಈಟ್’, ಅಂದರೆ ‘ತಿನ್ನು’ ಎಂಬ ಪದವನ್ನು ಬಲ್ಬುಗಳಿಂದ ಮಿನುಗುವ ಬೃಹತ್ ಕೃತಿಯಾಗಿ ಮಾಡಿ ನಿಲ್ಲಿಸಿದರು. ಜನ ಅದನ್ನು ಹೋಟೆಲಿನ ಬೋರ್ಡೆಂದು ತಿಳಿದು ಊಟ ಹುಡುಕಿಕೊಂಡು ಬರತೊಡಗಿದರು. ಕೊನೆಗೆ ದೀಪ ಆರಿಸಬೇಕಾಯಿತು. ಮುಂದೆ ‘ಲವ್’ಗೆ ಆದದ್ದೂ ಹೆಚ್ಚುಕಡಿಮೆ ಇದೇ. ಪದ ಎಷ್ಟು ಚೆನ್ನಾಗಿ ಓದಿಸಿಕೊಂಡಿತೆಂದರೆ, ಅದು ಚಿತ್ರ ಎಂಬುದನ್ನು ಓದಿದವರು ಮರೆತರು.

‘ಲವ್’ನ ಮೊಳಕೆ ಚರ್ಚಿನಲ್ಲಿದೆ. ಇಂಡಿಯಾನಾ ಬೆಳೆದದ್ದು ಕ್ರಿಶ್ಚಿಯನ್ ಸೈನ್ಸ್ ಪಂಥದ ವಾತಾವರಣದಲ್ಲಿ. ಆ ಚರ್ಚುಗಳಲ್ಲಿ ಮೂರ್ತಿ, ಚಿತ್ರಗಳ ಅಲಂಕಾರವಿಲ್ಲ. ವೇದಿಕೆಯ ಮೇಲ್ಗಡೆ ‘ದೇವರೇ ಪ್ರೀತಿ’ ಎಂಬ ಬರಹವಿರುತ್ತಿತ್ತು. ಕನೆಟಿಕಟ್ ರಾಜ್ಯದಲ್ಲಿ ಹಳೆಯ ಕ್ರಿಶ್ಚಿಯನ್ ಸೈನ್ಸ್ ಚರ್ಚೊಂದರಲ್ಲಿ ಶುರುವಾದ ಸಂಗ್ರಹಾಲಯಕ್ಕಾಗಿ ಅವರು 1964ರಲ್ಲಿ ಆ ಮಾತನ್ನು ತಿರುವುಹಾಕಿ ‘ಪ್ರೀತಿಯೇ ದೇವರು’ ಎಂಬ ಚಿತ್ರ ಬರೆದರು. ಆ ವರ್ಷದ ಕೊನೆಗೆ ವಾಕ್ಯದಿಂದ ಒಂದೇ ಪದವನ್ನು ಹೆಕ್ಕಿ ಎರಡು ಸಾಲಾಗಿ ಜೋಡಿಸಿ, ಅಕ್ಷರದ ಅಚ್ಚಿನ ಮೇಲೆ ಕಾಗದ ಹಾಸಿ ಬಣ್ಣದ ಕಡ್ಡಿಯಿಂದ ಉಜ್ಜಿ ತೆಗೆದ ಹಾಳೆಗಳನ್ನು ಕೆಲವು ಗೆಳೆಯರಿಗೆ ಕ್ರಿಸ್‌ಮಸ್ ಶುಭಾಶಯವಾಗಿ ಕಳಿಸಿದರು.

ಈ ಹಾಳೆಗಳನ್ನು ಗಮನಿಸಬೇಕು. ನಿಜವಾದ ಅರ್ಥದಲ್ಲಿ ಲಿಮಿಟೆಡ್ ಎಡಿಷನ್ ಉಡುಗೊರೆಯೆಂದರೆ ಇವೇ. ಕಲಾವಿದನೇ ಕೈಯಾರೆ ಮಾಡಿದ್ದು, ಒಂದರಂತೆ ಇನ್ನೊಂದಿಲ್ಲ, ಯಾರಿಗೆ ಹೋಯಿತೆಂಬುದು ಕೊಟ್ಟವರಿಗೆ ಗೊತ್ತು. ಮಾರಾಟಕ್ಕಲ್ಲ, ಸಂಖ್ಯೆಯ ಗೊಡವೆಯೂ ಇಲ್ಲ.

ಮೋಮಾ ಕಾರ್ಡು

ಮೋಮಾ 1950ರ ದಶಕದಿಂದಲೇ ಕಲಾವಿದರಿಂದ ಹಬ್ಬದ ಕಾರ್ಡುಗಳನ್ನು ಮಾಡಿಸಿ ಮಾರುತ್ತಿತ್ತು. ಮ್ಯೂಸಿಯಂನ ಜೂನಿಯರ್ ಕೌನ್ಸಿಲ್ ಈ ಕೆಲಸ ನೋಡಿಕೊಳ್ಳುತ್ತಿತ್ತು. ಈ ಏರ್ಪಾಡಿನಿಂದ ಮ್ಯೂಸಿಯಂಗೆ ಒಂದಿಷ್ಟು ಆದಾಯ, ಕಲಾವಿದನಿಗೆ ಒಂದಿಷ್ಟು ಹೆಸರು, ಕೊಳ್ಳುವವನಿಗೆ ಸಾಂತಾ ಕ್ಲಾಸ್ ಮತ್ತು ಹಿಮದ ಮನೆಗಳಿಂದ ಬಿಡುಗಡೆ. 1965ರ ಕಾರ್ಡಿಗೆ ಇಂಡಿಯಾನಾ ಅವರನ್ನು ಕೇಳಿದರು. ಅವರು ಒಂದಡಿ ಚೌಕದ ಕ್ಯಾನ್ವಾಸುಗಳ ಮೇಲೆ ಒಂದೇ ವಿನ್ಯಾಸವನ್ನು ಬೇರೆಬೇರೆ ಬಣ್ಣಗಳಲ್ಲಿ ಬರೆದು ಕೊಟ್ಟರು. ಮ್ಯೂಸಿಯಂ ಆರಿಸಿದ್ದು ಅವುಗಳಲ್ಲಿ ಅತಿ ಗಾಢವಾದದ್ದನ್ನು: ನೀಲಿ ಮತ್ತು ಹಸಿರು ನೆಲದ ಮೇಲೆ ಕೆಂಪು ಅಕ್ಷರ.

ಕೆಂಪು ಹಸಿರು ಕ್ರಿಸ್‌ಮಸ್ ಬಣ್ಣಗಳೆಂದು ಮ್ಯೂಸಿಯಂಗೆ ಹಿಡಿಸಿರಬಹುದು. ಇಂಡಿಯಾನಾ ಹೇಳುತ್ತಿದ್ದ ಕಾರಣ ಬೇರೆ. ಅವರ ತಂದೆ ಫಿಲಿಪ್ಸ್ 66 ಎಂಬ ಪೆಟ್ರೋಲ್ ಕಂಪನಿಯಲ್ಲಿ ಕೆಲಸಕ್ಕಿದ್ದರು. ತಾಯಿ ಕಾರಿನಲ್ಲಿ ತಂದೆಯನ್ನು ಕೆಲಸಕ್ಕೆ ಬಿಡಲು ಹೋಗುವಾಗ ಹುಡುಗ ದಿನವೂ ನೋಡುತ್ತಿದ್ದದ್ದು ಆ ಕಂಪನಿಯ ಕೆಂಪು ಹಸಿರಿನ ದೊಡ್ಡ ಫಲಕವನ್ನು, ಅದರ ಹಿಂದಿನ ನೀಲಿ ಆಕಾಶವನ್ನು. ಜಗತ್ತು ಪ್ರೇಮದ ಬಣ್ಣಗಳೆಂದು ಅಪ್ಪಿಕೊಂಡದ್ದು ಪೆಟ್ರೋಲ್ ಬಂಕಿನ ಬಣ್ಣಗಳನ್ನು.

ವಿನ್ಯಾಸವನ್ನು ಹತ್ತಿರದಿಂದ ನೋಡಿದರೆ ಅದರಲ್ಲಿರುವ ಕಸುಬು ಕಾಣುತ್ತದೆ. ನಾಲ್ಕೂ ಅಕ್ಷರಗಳು ಒಂದಕ್ಕೊಂದು ಒತ್ತಿಕೊಂಡು ಚೌಕದ ಅಂಚಿನವರೆಗೂ ತುಂಬಿಕೊಂಡಿವೆ. ಗಾಳಿಯಾಡುವಷ್ಟೂ ಜಾಗವಿಲ್ಲ. ಎಲ್ ಅಕ್ಷರದ ಕಾಲಿನ ಮೇಲಿನ ಖಾಲಿ ಜಾಗ, ವಿ ಅಕ್ಷರದ ಎರಡು ಪಕ್ಕಗಳ ತ್ರಿಕೋನಗಳು, ಇ ಅಕ್ಷರದ ಹಲ್ಲುಗಳ ನಡುವಿನ ಸಂದುಗಳು, ಇವೆಲ್ಲ ಹಿನ್ನೆಲೆಯಾಗಿ ಉಳಿಯದೆ ತಾವೇ ಆಕಾರಗಳಾಗಿ ಎದ್ದು ಬರುತ್ತವೆ. ಒಂದು ಕ್ಷಣ ಕೆಂಪು ಮುಂದೆ ಬಂದಂತೆ, ಮರುಕ್ಷಣ ನೀಲಿ ಮುಂದೆ ಬಂದಂತೆ ಕಣ್ಣು ತಡವರಿಸುತ್ತದೆ. ಇಷ್ಟು ಬಿಗಿಯಾದ ಕಟ್ಟಿನಲ್ಲಿ ಓ ಒಂದೇ ಬಲಕ್ಕೆ ವಾಲಿದೆ. ಅದರ ಒಳಗಿನ ಓರೆ ಕಣ್ಣು ಇಡೀ ಚೌಕವನ್ನು ಅಲುಗಾಡಿಸುತ್ತದೆ. ಓ ನೆಟ್ಟಗಿದ್ದಿದ್ದರೆ ಇದು ಬರೀ ತಲೆಬರಹವಾಗುತ್ತಿತ್ತು. ನಕಲು ಮಾಡಿದವರು ಎಡವುವುದೂ ಇಲ್ಲೇ; ಓರೆಯ ಕೋನ ಅವರಿಗೆ ಸಿಕ್ಕುತ್ತದೆ, ಸಂದುಗಳ ಅಳತೆ ಸಿಕ್ಕುವುದಿಲ್ಲ.

ಕಾರ್ಡು ಬಿಸಿ ದೋಸೆಯ ಹಾಗೆ ಖರ್ಚಾಯಿತು. ಮೋಮಾ ಅಲ್ಲಿಯವರೆಗೆ ಮಾರಿದ ಕಾರ್ಡುಗಳಲ್ಲೇ ಅತ್ಯಂತ ಜನಪ್ರಿಯವಾದವುಗಳ ಸಾಲಿಗೆ ಸೇರಿತು. ಕಾಲವೂ ಕೂಡಿ ಬಂತು. ವಿಯೆಟ್ನಾಂ ಯುದ್ಧದ ವಿರುದ್ಧ ಯುವಜನ ಬೀದಿಗಿಳಿಯುತ್ತಿದ್ದ ದಿನಗಳು. ಪ್ರೀತಿ ಎಂಬ ಪದವೇ ಒಂದು ಘೋಷಣೆಯಾಗಿತ್ತು. ಕ್ರಿಸ್‌ಮಸ್ ಮುಗಿದರೂ ಕಾರ್ಡು ಗೋಡೆಯಿಂದ ಇಳಿಯಲಿಲ್ಲ. 1966ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಸ್ಟೇಬಲ್ ಗ್ಯಾಲರಿಯಲ್ಲಿ ಈ ಒಂದೇ ಪದದ ಸುತ್ತ ಇಂಡಿಯಾನಾ ಪ್ರದರ್ಶನ ಏರ್ಪಾಡಾಯಿತು. ಆ ವರ್ಷವೇ ಮಲ್ಟಿಪಲ್ಸ್ ಎಂಬ ಸಂಸ್ಥೆ ಒಂದಡಿ ಎತ್ತರದ ಅಲ್ಯೂಮಿನಿಯಂ ‘ಲವ್’ ಶಿಲ್ಪವನ್ನು ಕೇವಲ ಆರು ಪ್ರತಿಗಳ ಎಡಿಷನ್ ಆಗಿ ಹೊರತಂದಿತು. ಒಂದು ಕಡೆ ಆರು, ಇನ್ನೊಂದು ಕಡೆ ಲೆಕ್ಕವೇ ಇಲ್ಲದಷ್ಟು. ಒಂದೇ ಚಿತ್ರಕ್ಕೆ ಈ ಎರಡು ದಾರಿಗಳು ಒಂದೇ ವರ್ಷದಲ್ಲಿ ಕವಲೊಡೆದವು.

ವೃತ್ತದೊಳಗಿನ ಸಿ

ಆಗ ಅಮೆರಿಕದಲ್ಲಿ ಜಾರಿಯಲ್ಲಿದ್ದದ್ದು 1909ರ ಹಕ್ಕುಸ್ವಾಮ್ಯ ಕಾಯಿದೆ. ಅದರ ಪ್ರಕಾರ ಕೃತಿಯನ್ನು ಪ್ರಕಟಿಸುವಾಗ ಪ್ರತಿಗಳ ಮೇಲೆ ಹಕ್ಕುಸ್ವಾಮ್ಯದ ಸೂಚನೆ ಇರಬೇಕಿತ್ತು. ಇಲ್ಲದೆ ಪ್ರಕಟವಾದರೆ ಕೃತಿ ಸಾರ್ವಜನಿಕರ ಸ್ವತ್ತು. ಮರೆತೆ ಎಂದರೂ ಅಷ್ಟೇ, ಗೊತ್ತಿರಲಿಲ್ಲ ಎಂದರೂ ಅಷ್ಟೇ. ಇಂಡಿಯಾನಾ ವಿನ್ಯಾಸದ ಮುಖದ ಮೇಲೆ ಸಹಿಯನ್ನಾಗಲಿ ಗುರುತನ್ನಾಗಲಿ ಹಾಕಲು ಇಷ್ಟಪಡಲಿಲ್ಲ. ಅಂಚಿನಿಂದ ಅಂಚಿಗೆ ತುಂಬಿಕೊಂಡ ಆ ಚೌಕದಲ್ಲಿ ಚಿಕ್ಕ ಗುರುತು ಕೂಡ ಕಣ್ಣಿಗೆ ಚುಚ್ಚುತ್ತದೆ ಎಂಬುದು ಅವರ ನಿಲುವು. ಮೊದಲ ಪ್ರದರ್ಶನದ ಪೋಸ್ಟರೂ ಗುರುತಿಲ್ಲದೆಯೇ ಹೊರಬಂತು.

ಇಲ್ಲಿ ಕಾಯಿದೆ ಕಲಾವಿದರ ಮೇಲೆ ಅಷ್ಟೇನೂ ಕಠಿಣವಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಚಿತ್ರ, ಶಿಲ್ಪಗಳಿಗೆ ವೃತ್ತದೊಳಗಿನ ಸಿ ಮತ್ತು ಇನಿಷಿಯಲ್ ಸಾಕಿತ್ತು. ಪೂರ್ತಿ ಹೆಸರು ಅಂಚಿನಲ್ಲೋ, ಹಿಂಬದಿಯಲ್ಲೋ, ಶಿಲ್ಪವಾದರೆ ಪೀಠದ ಮೇಲೋ ಇದ್ದರೆ ನಡೆಯುತ್ತಿತ್ತು. ಆದರೆ ಅದನ್ನು ಕಲಾವಿದನಿಗೆ ಕೂರಿಸಿ ಹೇಳುವ ವಕೀಲರು ಆಗ ಸ್ಟುಡಿಯೊಗಳಲ್ಲಿ ಇರುತ್ತಿರಲಿಲ್ಲ.

ಇಂಡಿಯಾನಾ ಒಬ್ಬರೇ ಮೈಮರೆತರು ಎನ್ನುವವರು ಷಿಕಾಗೊ ನಗರದ ಪ್ರಕರಣವನ್ನು ನೋಡಬೇಕು. ಅಲ್ಲಿನ ಚೌಕದಲ್ಲಿ ನಿಲ್ಲಿಸಲು ಪಿಕಾಸೊ ಒಂದು ಭಾರಿ ಶಿಲ್ಪದ ಮಾದರಿ ಮಾಡಿದರು. ಒಂದು ಲಕ್ಷ ಡಾಲರಿನ ಸಂಭಾವನೆಯನ್ನು ಬೇಡವೆಂದು, ಅದನ್ನು ಷಿಕಾಗೊ ಜನರಿಗೆ ಉಡುಗೊರೆಯಾಗಿ ಕೊಟ್ಟರು. 1967ರಲ್ಲಿ ಶಿಲ್ಪದ ಅನಾವರಣವಾಯಿತು. ಅದರ ಹಕ್ಕುಸ್ವಾಮ್ಯ ತನ್ನದೆಂದು ನಗರದ ಕಟ್ಟಡ ಆಯೋಗ ಹೇಳಿಕೊಂಡಾಗ, ಪ್ರಶ್ನಿಸಿ ಒಂದು ಪ್ರಕಾಶನ ಸಂಸ್ಥೆ ಕೋರ್ಟಿಗೆ ಹೋಯಿತು. 1970ರಲ್ಲಿ ಬಂದ ತೀರ್ಪು: ಮಾದರಿಯನ್ನು ಸೂಚನೆಯಿಲ್ಲದೆ ಪ್ರದರ್ಶಿಸಿ, ಅದರ ಚಿತ್ರಗಳನ್ನು ಹಂಚಿದಾಗಲೇ ಹಕ್ಕು ಹೋಯಿತು. ವಕೀಲರ ಪಡೆಯನ್ನೇ ಇಟ್ಟುಕೊಂಡಿದ್ದ ದೊಡ್ಡ ನಗರಾಡಳಿತಕ್ಕೇ ಹೀಗಾದರೆ ಬಂದರಿನ ಓಣಿಯ ಕಲಾವಿದನ ಮಾತೇನು?

ಇನ್ನೊಂದು ತೊಡಕಿದೆ, ಅದನ್ನು ಒಂದು ಸಾಲಿನ ಕಥೆ ಹೇಳುವವರು ಬಿಟ್ಟುಬಿಡುತ್ತಾರೆ. ತಡವಾಗಿ ಎಚ್ಚೆತ್ತ ಇಂಡಿಯಾನಾ ಹಕ್ಕುಸ್ವಾಮ್ಯ ಕಚೇರಿಯ ಬಾಗಿಲು ತಟ್ಟಿದರು. ಒಂದೇ ಪದಕ್ಕೆ ಹಕ್ಕುಸ್ವಾಮ್ಯ ಕೊಡಲಾಗದು ಎಂಬ ಉತ್ತರ ಬಂತು. ಪದಗಳಿಗೆ, ಅಕ್ಷರ ವಿನ್ಯಾಸದ ಚಿಕ್ಕಪುಟ್ಟ ಬದಲಾವಣೆಗಳಿಗೆ ರಕ್ಷಣೆಯಿಲ್ಲ ಎಂಬುದು ಆ ಕಚೇರಿಯ ಹಳೆಯ ನಿಯಮ. ಅಂದರೆ 1965ರಲ್ಲೇ ಗುರುತು ಹಾಕಿದ್ದರೂ ‘ಲವ್’ ಉಳಿಯುತ್ತಿತ್ತೆಂದು ಯಾರೂ ಎದೆತಟ್ಟಿ ಹೇಳುವಂತಿರಲಿಲ್ಲ. ಬಣ್ಣಗಳ ಜೋಡಣೆ, ಸಂದುಗಳ ಅಳತೆ, ಓರೆ ಓ ಇವು ಸೇರಿ ಅದು ಚಿತ್ರವೋ, ಅಥವಾ ಬರೀ ಅಂದವಾಗಿ ಬರೆದ ಪದವೋ? ವಿಶ್ವ ಮೇಳದಲ್ಲಿ ಊಟ ಹುಡುಕಿದವರ ಕಣ್ಣೂ ಕಚೇರಿಯ ಗುಮಾಸ್ತನ ಕಣ್ಣೂ ಒಂದೇ ಆಗಿದ್ದವು.

ಹಣ ಎಲ್ಲಿಗೆ ಹೋಯಿತು

ಒಮ್ಮೆ ಬೇಲಿ ಇಲ್ಲವೆಂದು ಗೊತ್ತಾದ ಮೇಲೆ ಪೇಪರ್‌ವೆಯ್ಟ್, ಉಂಗುರ, ಟವೆಲು, ಪೋಸ್ಟರು, ಪುಸ್ತಕದ ಮುಖಪುಟ ಎಲ್ಲದರ ಮೇಲೂ ನಾಲ್ಕು ಅಕ್ಷರ ಕುಣಿಯಿತು. ಇವು ಯಾವುದರಿಂದಲೂ ಇಂಡಿಯಾನಾ ಅವರಿಗೆ ಪಾಲು ಬರಲಿಲ್ಲ.

ಅನುಮತಿ ಪಡೆದು ಮಾಡಿದ ಒಂದು ಕೆಲಸದ ಲೆಕ್ಕ ಇನ್ನೂ ಸ್ವಾರಸ್ಯವಾಗಿದೆ. 1973ರ ಜನವರಿ 26ರಂದು ಅಮೆರಿಕದ ಅಂಚೆ ಇಲಾಖೆ ‘ಲವ್’ ಅಂಚೆಚೀಟಿ ಹೊರಡಿಸಿತು. ಬಿಡುಗಡೆ ಫಿಲಡೆಲ್ಫಿಯಾದಲ್ಲಿ, ಬೆಲೆ 8 ಸೆಂಟ್. 33 ಕೋಟಿ ಚೀಟಿ ಅಚ್ಚಾದವು. ಮುಖಬೆಲೆ ಗುಣಿಸಿದರೆ 2 ಕೋಟಿ 64 ಲಕ್ಷ ಡಾಲರ್. ಕಲಾವಿದನಿಗೆ ಸಂದದ್ದು 1000 ಡಾಲರ್, ಒಂದೇ ಗಂಟು. ಇಲ್ಲಿ ಕದ್ದವರು ಯಾರೂ ಇಲ್ಲ, ಕಾಯಿದೆಯ ತೂತೂ ಇಲ್ಲ. ಕೇಳಿ, ಒಪ್ಪಿ, ಕೊಟ್ಟದ್ದು. ಗುರುತಿನ ಮೇಲೆ ಎಲ್ಲ ದೂರು ಹೊರಿಸುವವರು ಈ ಸಾವಿರ ಡಾಲರನ್ನು ಮರೆಯುತ್ತಾರೆ. ಹಕ್ಕು ಭದ್ರವಾಗಿದ್ದರೂ ಚೌಕಾಸಿ ಬಾರದವನಿಗೆ ಸಿಗುವುದು ಇಷ್ಟೇ.

ಫಿಲಡೆಲ್ಫಿಯಾದ ಶಿಲ್ಪದ್ದು ಮತ್ತೊಂದು ಬಗೆ. 1976ರಲ್ಲಿ ಅಮೆರಿಕದ ಸ್ವಾತಂತ್ರ್ಯದ ಇನ್ನೂರನೇ ವರ್ಷಾಚರಣೆಗೆ ಇಂಡಿಯಾನಾ ಬಣ್ಣ ಬಳಿದ ಅಲ್ಯೂಮಿನಿಯಂ ‘ಲವ್’ ಶಿಲ್ಪವನ್ನು ನಗರದ ಕೆನಡಿ ಪ್ಲಾಜಾದಲ್ಲಿ ಇಡಲು ಎರವಲು ಕೊಟ್ಟರು. 1978ರಲ್ಲಿ ಅದನ್ನು ಎತ್ತಿಕೊಂಡು ಹೋದಾಗ ಊರವರು ಗಲಾಟೆ ಮಾಡಿದರು. ನಗರದ ಕಲಾ ಆಯೋಗದ ಅಧ್ಯಕ್ಷರಾಗಿದ್ದ ಎಫ್. ಯೂಜಿನ್ ಡಿಕ್ಸನ್ 35,000 ಡಾಲರ್ ತೆತ್ತು ಕೊಂಡು ನಗರಕ್ಕೆ ದಾನ ಮಾಡಿದರು. ಈಗ ಆ ಜಾಗವನ್ನು ಜನ ಲವ್ ಪಾರ್ಕ್ ಎಂದೇ ಕರೆಯುವುದು. ಹಿಂದಿನ ದುರಸ್ತಿಯೊಂದರಲ್ಲಿ ಯಾರೋ ಈ ಶಿಲ್ಪದಲ್ಲಿದ್ದ ನೇರಳೆಯ ಜಾಗಕ್ಕೆ ನೀಲಿ ಬಳಿದುಬಿಟ್ಟಿದ್ದರು. ಮತ್ತೆ ದುರಸ್ತಿಗೆ ಹೋಗಿದ್ದ ಶಿಲ್ಪ 2018ರಲ್ಲಿ ಮರಳಿ ಬಂದಾಗ ಮೂಲದ ನೇರಳೆಯೂ ಮರಳಿತು. ನಗರವೇ ಒಡೆಯನಾಗಿದ್ದ ಕೃತಿಯ ಬಣ್ಣವನ್ನೂ ಜನ ನೆನಪಿನಿಂದ, ಕಾರ್ಡಿನಿಂದ, ಅಂಚೆಚೀಟಿಯಿಂದ ಊಹಿಸಿಕೊಳ್ಳುವಂತಾಗಿತ್ತು ನೋಡಿ.

ಮೊಸರು ತಿಂದ ಕೋತಿ

ಹಣ ಹೋದದ್ದಕ್ಕಿಂತ ದೊಡ್ಡ ನಷ್ಟ ಹೆಸರಿನದು. ಎಲ್ಲಿ ನೋಡಿದರೂ ‘ಲವ್’ ಕಾಣುತ್ತಿದ್ದುದರಿಂದ ಅದನ್ನು ಮಾಡಿದವನು ಅದನ್ನು ಮಾರುತ್ತಿದ್ದಾನೆಂದೇ ವಿಮರ್ಶಕರು ಭಾವಿಸಿದರು. ದುಡ್ಡಿಗಾಗಿ ಕಲೆಯನ್ನು ಸಂತೆಗೆ ತಂದವನು, ಒಂದೇ ಪದದ ಕಲಾವಿದ ಎಂಬ ಮಾತುಗಳು ಹುಟ್ಟಿದವು. ಮೊಸರು ತಿಂದದ್ದು ಕೋತಿ, ಒರೆಸಿದ್ದು ಮೇಕೆಯ ಬಾಯಿಗೆ. ಈ ಪ್ರಕರಣದ ತಿರುಳು ಇದೇ ಎಂದು ನನ್ನ ಎಣಿಕೆ: ಹಣ ಬಂದಿದ್ದರೆ ಅಪವಾದವನ್ನು ನುಂಗಿಕೊಳ್ಳಬಹುದಿತ್ತು, ಅಪವಾದ ಇಲ್ಲದಿದ್ದರೆ ಹಣ ಹೋದದ್ದನ್ನು ಮರೆಯಬಹುದಿತ್ತು. ಇಂಡಿಯಾನಾ ಅವರಿಗೆ ಎರಡೂ ಒಟ್ಟಿಗೆ ಸಿಕ್ಕವು. ವಯಸ್ಸಾದ ಮೇಲೆ ಅವರು ಸಂದರ್ಶನಗಳಲ್ಲಿ ‘ಲವ್’ ಒಳ್ಳೆಯ ಯೋಚನೆಯಾಗಿದ್ದರೂ ತೀರ ಜನಪ್ರಿಯವಾದದ್ದೇ ತಪ್ಪಾಯಿತು ಎಂಬರ್ಥದ ಮಾತು ಆಡುತ್ತಿದ್ದರು.

1978ರಲ್ಲಿ ನ್ಯೂಯಾರ್ಕ್ ಬಿಟ್ಟು, ಮೇನ್ ರಾಜ್ಯದ ಕರಾವಳಿಯಾಚೆಗಿನ ವೈನಲ್‌ಹೇವನ್ ದ್ವೀಪಕ್ಕೆ ಹೋಗಿ ನೆಲೆಸಿದರು. ದೋಣಿಯಲ್ಲಿ ಒಂದು ಗಂಟೆಗೂ ಮಿಕ್ಕಿದ ಹಾದಿ. ‘ಸ್ಟಾರ್ ಆಫ್ ಹೋಪ್’ ಎಂಬ ಹಳೆಯ ಸಂಘದ ಕಟ್ಟಡವೇ ಮನೆ, ಅದೇ ಸ್ಟುಡಿಯೊ. ಆಂಡಿ ವಾರ್ಹಾಲ್, ರಾಯ್ ಲಿಕ್ಟೆನ್‌ಸ್ಟೈನ್ ದೊಡ್ಡ ಪುಸ್ತಕಗಳ ನಾಯಕರಾದ ಕಾಲದಲ್ಲಿ ಜಾಹೀರಾತು, ದಿನಬಳಕೆಯ ಸರಕುಗಳನ್ನೇ ಚಿತ್ರವಾಗಿಸಿದ ಅದೇ ಪಾಪ್ ಕಲೆಯ ತಲೆಮಾರಿನ ಇವರಿಗೆ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ ದೊಡ್ಡ ಪ್ರದರ್ಶನ ಏರ್ಪಡಿಸಿದ್ದು 2013ರಲ್ಲಿ, ಎಂಬತ್ತೈದರ ಹೊಸ್ತಿಲಲ್ಲಿ. ಪ್ರದರ್ಶನದ ಹೆಸರಿನ ಅರ್ಥವೇ ‘ಲವ್‌ನಾಚೆಗೆ’. ಆ ಪದವನ್ನು ದಾಟಿ ನೋಡಿ ಎಂದು ನೋಡುಗರನ್ನು ಬೇಡಿಕೊಂಡಂತಿತ್ತು.

ಅಂಕಿಯ ಲೆಕ್ಕ

ಲಿಮಿಟೆಡ್ ಎಡಿಷನ್ ನಡೆಯುವ ಬಗೆಯನ್ನು ಇಲ್ಲಿ ಸ್ವಲ್ಪ ಬಿಡಿಸುವುದು ಒಳ್ಳೆಯದು. ಸ್ಕ್ರೀನ್ ಪ್ರಿಂಟನ್ನೇ ತೆಗೆದುಕೊಳ್ಳಿ. ಒಂದೊಂದು ಬಣ್ಣಕ್ಕೆ ಒಂದೊಂದು ಪರದೆ. ಎಪ್ಪತ್ತೈದು ಪ್ರತಿ ಎಂದು ನಿಗದಿಯಾದರೆ ಪ್ರತಿಯೊಂದರ ಕೆಳಗೆ ಪೆನ್ಸಿಲಿನಲ್ಲಿ 1/75, 2/75 ಎಂದು ಬರೆದು ಕಲಾವಿದ ಸಹಿ ಮಾಡುತ್ತಾನೆ. ಇದರ ಹೊರತಾಗಿ ಕಲಾವಿದನ ಪಾಲಿಗೆಂದು ಕೆಲವು ಪ್ರತಿಗಳು; ಅವುಗಳ ಮೇಲೆ ಎ.ಪಿ., ಅಂದರೆ ಆರ್ಟಿಸ್ಟ್ಸ್ ಪ್ರೂಫ್ ಎಂದಿರುತ್ತದೆ. ಮುದ್ರಣ ಮುಗಿದ ಮೇಲೆ ಪರದೆಯನ್ನೋ ತಗಡನ್ನೋ ಅಳಿಸುತ್ತಾರೆ ಅಥವಾ ಗೀರು ಹಾಕಿ ಕೆಡಿಸುತ್ತಾರೆ. ಮತ್ತೆ ತೆಗೆಯುವಂತಿಲ್ಲ ಎಂಬ ಆ ಭಾಷೆಗೇ ಕೊಳ್ಳುವವನು ಹಣ ಕೊಡುವುದು.

ಹಬ್ಬದ ಕಾರ್ಡಿನ ಸ್ವಭಾವ ಇದಕ್ಕೆ ನೇರ ವಿರುದ್ಧ. ಅದು ಕೈಬಿಡಲಿಕ್ಕೆಂದೇ ಕೊಂಡದ್ದು. ಕೊಂಡವನ ಬಳಿ ಉಳಿಯುವುದಿಲ್ಲ, ಅಂಚೆಯಲ್ಲಿ ಹತ್ತು ಮನೆಗೆ ಹೋಗುತ್ತದೆ, ಒಂದೊಂದು ಮನೆಯಲ್ಲೂ ಹತ್ತು ಜನ ನೋಡುತ್ತಾರೆ. ಒಂದು ವಿನ್ಯಾಸವನ್ನು ಊರೂರಿಗೆ ಮುಟ್ಟಿಸಲು ಇದಕ್ಕಿಂತ ಚುರುಕಾದ ದಾರಿ 1965ರಲ್ಲಿ ಇರಲಿಲ್ಲ. ‘ಲವ್’ ಮೊದಲು ಕ್ಯಾನ್ವಾಸಾಗಿ ಗ್ಯಾಲರಿಯಲ್ಲಿ ಕೂತು, ಆಮೇಲೆ ಸಂಖ್ಯೆ ಹಾಕಿದ ಪ್ರಿಂಟಾಗಿ ಹೊರಬಂದಿದ್ದರೆ ಅದರ ಹಾದಿ ಬೇರೆಯಾಗುತ್ತಿತ್ತು. ಅದು ಕಾಲಿಟ್ಟದ್ದೇ ಉಡುಗೊರೆಯಾಗಿ. ಬೇಲಿ ಹಾಕುವ ಯೋಚನೆ ಬರುವ ಹೊತ್ತಿಗೆ ಅದು ಎಲ್ಲರ ಮನೆ ಸೇರಿತ್ತು.

ಹಾಗೆಂದು ಎಲ್ಲ ಹೋಯಿತು ಎನ್ನುವುದೂ ಸರಿಯಲ್ಲ. ಇಂಡಿಯಾನಾಪೊಲಿಸ್ ಕಲಾ ಮ್ಯೂಸಿಯಂ 1967ರಲ್ಲೇ ಆರಡಿ ಚೌಕದ ‘ಲವ್’ ಕ್ಯಾನ್ವಾಸನ್ನು ಕೊಂಡುಕೊಂಡಿತು. ತುಕ್ಕಿನ ಬಣ್ಣದ ಉಕ್ಕಿನಲ್ಲಿ ಹನ್ನೆರಡು ಅಡಿ ಎತ್ತರದ ಮೊದಲ ದೊಡ್ಡ ಶಿಲ್ಪ 1970ರದ್ದು. ಅದೂ ಅದೇ ಮ್ಯೂಸಿಯಂ ಸೇರಿತು. ಹೀಬ್ರೂ ಭಾಷೆಯಲ್ಲಿ ಪ್ರೀತಿ ಎಂದರ್ಥದ ‘ಅಹವಾ’ ಶಿಲ್ಪ ಜೆರುಸಲೇಮಿನ ಇಸ್ರೇಲ್ ಮ್ಯೂಸಿಯಂನಲ್ಲಿದೆ. 2011ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ದೊಡ್ಡ ‘ಲವ್’ ಶಿಲ್ಪವೊಂದು 40 ಲಕ್ಷ ಡಾಲರಿಗೂ ಮೇಲೆ ಹೋಯಿತು. ನಕಲುಗಳಿಂದ ತುಂಬಿಹೋದ ಜಗತ್ತಿನಲ್ಲಿ ಅಸಲಿಯ ಬೆಲೆ ಇಳಿಯಬೇಕಿತ್ತು, ಏರಿತು. ಕೀ ಚೈನು ಜೇಬಿನಲ್ಲಿಟ್ಟುಕೊಂಡ ಲಕ್ಷಾಂತರ ಜನ ಬಿಡಿಗಾಸಿಲ್ಲದೆ ಮಾಡಿದ ಪ್ರಚಾರ ಅದು. ಆದರೆ ಆ ಏರಿಕೆ ಬಂದಾಗ ಕಲಾವಿದ ಮುದುಕನಾಗಿದ್ದ, ಮರುಮಾರಾಟದ ಹಣ ಹೋಗುವುದು ಹಿಂದೆ ಕೊಂಡಿಟ್ಟವನಿಗೆ.

ಬೇಲಿಯಿಲ್ಲದ್ದರಿಂದ ಆದ ಒಂದು ಉಪಕಾರವನ್ನೂ ಮರೆಯಬಾರದು. 1987ರಲ್ಲಿ ಜನರಲ್ ಐಡಿಯಾ ಎಂಬ ಕೆನಡಾದ ಕಲಾವಿದರ ತಂಡ ಅದೇ ಕೆಂಪು, ಹಸಿರು, ನೀಲಿಯಲ್ಲಿ, ಅದೇ ಜೋಡಣೆಯಲ್ಲಿ ‘ಏಡ್ಸ್’ ಎಂದು ಬರೆಯಿತು. ಮೊದಲ ಚಿತ್ರ ಏಡ್ಸ್ ಸಂಶೋಧನೆಗೆ ಹಣ ಕೂಡಿಸುವ ಪ್ರದರ್ಶನಕ್ಕಾಗಿ ಮಾಡಿದ್ದು. ಆಮೇಲೆ ಪೋಸ್ಟರುಗಳಾಗಿ ನ್ಯೂಯಾರ್ಕಿನ ಗೋಡೆಗಳ ಮೇಲೆ ಹರಡಿತು. ಬಾಯಲ್ಲಿ ಹೇಳಲು ಜನ ಹೆದರುತ್ತಿದ್ದ ಪದವನ್ನು ಎಲ್ಲರಿಗೂ ಪರಿಚಿತವಾದ ಪ್ರೀತಿಯ ಅಂಗಿ ತೊಡಿಸಿ ಬೀದಿಗೆ ತಂದದ್ದು ಇಪ್ಪತ್ತನೇ ಶತಮಾನದ ಕಲೆಯ ಗಟ್ಟಿ ಕೆಲಸಗಳಲ್ಲಿ ಒಂದು. ಪರವಾನಗಿ ಕೇಳಿಕೊಂಡು ನಿಂತಿದ್ದರೆ ಅದು ನಡೆಯುತ್ತಿತ್ತೇ ಎಂಬ ಅನುಮಾನ ನನಗಿದೆ.

ಇಂಡಿಯಾನಾ ಮತ್ತೊಮ್ಮೆ ಅದೇ ಅಚ್ಚನ್ನು ಬಳಸಿದ್ದು 2008ರಲ್ಲಿ, ಬರಾಕ್ ಒಬಾಮ ಅವರ ಚುನಾವಣೆಗೆ. ಈ ಸಲ ಪದ ‘ಹೋಪ್’. ಡೆನ್ವರಿನಲ್ಲಿ ನಡೆದ ಅವರ ಪಕ್ಷದ ಸಮಾವೇಶದ ಹೊರಗೆ ಶಿಲ್ಪ ನಿಂತಿತು. ಸಂಖ್ಯೆ ಹಾಕಿದ ಪ್ರಿಂಟು, ಪೋಸ್ಟರು, ಅಂಗಿಗಳಿಂದ ಹತ್ತು ಲಕ್ಷ ಡಾಲರಿಗೂ ಹೆಚ್ಚು ಸಂಗ್ರಹವಾಯಿತು. ಅದು ಪ್ರಚಾರಕ್ಕೆ ಹೋಯಿತು. ಕೊಡಬೇಕೆಂದು ಕೊಟ್ಟದ್ದಕ್ಕೂ ಕೈಜಾರಿ ಹೋದದ್ದಕ್ಕೂ ಇರುವ ಅಂತರ ಇದು.

ಕೊನೆಯ ಅಧ್ಯಾಯ ಕೋರ್ಟಿನದು. ‘ಲವ್’ನ ಅಧಿಕೃತ ಹಕ್ಕುಗಳನ್ನು ಇಂಡಿಯಾನಾ 1990ರ ದಶಕದಲ್ಲಿ ಮಾರ್ಗನ್ ಆರ್ಟ್ ಫೌಂಡೇಷನ್ ಎಂಬ ಸಂಸ್ಥೆಗೆ ಒಪ್ಪಿಸಿದ್ದರು. 2018ರ ಮೇ 18ರಂದು ಆ ಸಂಸ್ಥೆ ನ್ಯೂಯಾರ್ಕಿನಲ್ಲಿ ಮೊಕದ್ದಮೆ ಹೂಡಿತು: ಕಲಾವಿದನನ್ನು ನೋಡಿಕೊಳ್ಳುತ್ತಿದ್ದವರು ಮತ್ತು ಒಬ್ಬ ಪ್ರಕಾಶಕರು ಅವರನ್ನು ಹೊರಜಗತ್ತಿನಿಂದ ದೂರವಿಟ್ಟು ಅವರ ಹೆಸರಿನಲ್ಲಿ ಅವರದಲ್ಲದ ಕೃತಿಗಳನ್ನು ಮಾಡಿಸಿದ್ದಾರೆ ಎಂಬುದು ಆರೋಪ. ಎದುರಾಳಿಗಳು ಅದನ್ನು ಅಲ್ಲಗಳೆದರು. ಮಾರನೆಯ ದಿನ, ಮೇ 19ರಂದು, 89ರ ವಯಸ್ಸಿನ ಇಂಡಿಯಾನಾ ದ್ವೀಪದಲ್ಲೇ ತೀರಿಕೊಂಡರು. 2021ರಲ್ಲಿ ಅವರು ಬಿಟ್ಟುಹೋದ ಆಸ್ತಿಯನ್ನು ನೋಡಿಕೊಳ್ಳುವವರಿಗೂ ಫೌಂಡೇಷನ್ನಿಗೂ ರಾಜಿಯಾಯಿತು.

ನಮ್ಮಲ್ಲಿ ಆಗಿದ್ದರೆ

ಬೆಂಗಳೂರಿನ ಕಂಪನಿಗಳಲ್ಲೂ ದೀಪಾವಳಿಗೆ, ಹೊಸ ವರ್ಷಕ್ಕೆ ಡ್ರೈ ಫ್ರೂಟ್ಸ್ ಡಬ್ಬಿಯ ಬದಲು ಕಲಾವಿದರಿಂದ ಪ್ರಿಂಟು, ಕ್ಯಾಲೆಂಡರ್ ಮಾಡಿಸಿ ಕೊಡುವವರಿದ್ದಾರೆ. ಹಾಗಾಗಿ ಈ ಪ್ರಕರಣವನ್ನು 1957ರ ಭಾರತೀಯ ಹಕ್ಕುಸ್ವಾಮ್ಯ ಕಾಯಿದೆಯ ಎದುರು ಹಿಡಿದು ನೋಡುವುದು ವ್ಯರ್ಥವಲ್ಲ.

ಮೊದಲ ಸಮಾಧಾನ: ಇಲ್ಲಿ ಗುರುತು ಹಾಕಬೇಕಿಲ್ಲ, ನೋಂದಣಿಯೂ ಕಡ್ಡಾಯವಲ್ಲ. ಕೃತಿ ಹುಟ್ಟಿದಾಗಲೇ ಹಕ್ಕು ಹುಟ್ಟುತ್ತದೆ. ಕಲಾವಿದನ ಜೀವಿತಾವಧಿ ಮತ್ತು ಆಮೇಲೆ 60 ವರ್ಷ ಉಳಿಯುತ್ತದೆ. ಅಮೆರಿಕವೂ 1989ರಿಂದ ಗುರುತಿನ ಕಡ್ಡಾಯವನ್ನು ಕೈಬಿಟ್ಟಿದೆ.

ಆದರೆ ನಮ್ಮ ಕಾಯಿದೆಯ 17ನೇ ಸೆಕ್ಷನ್ನಿನಲ್ಲಿ ಬೇರೊಂದು ಹಳ್ಳವಿದೆ. ಹಣ ಕೊಟ್ಟು ಹೇಳಿ ಮಾಡಿಸಿದ ವರ್ಣಚಿತ್ರ, ಭಾವಚಿತ್ರ, ಫೋಟೊ, ಎನ್‌ಗ್ರೇವಿಂಗ್ ಇವುಗಳ ಮೊದಲ ಒಡೆಯ, ಬೇರೆ ಒಪ್ಪಂದ ಇಲ್ಲದಿದ್ದರೆ, ಮಾಡಿಸಿದವನೇ ಹೊರತು ಮಾಡಿದವನಲ್ಲ. ಎನ್‌ಗ್ರೇವಿಂಗ್ ಎಂದರೆ ಎಚ್ಚಿಂಗ್, ಲಿಥೊಗ್ರಾಫ್, ಮರದಚ್ಚು, ಪ್ರಿಂಟುಗಳೂ ಸೇರುತ್ತವೆಂದು ಕಾಯಿದೆಯೇ ವಿವರಿಸುತ್ತದೆ. ಶಿಲ್ಪ ಆ ಪಟ್ಟಿಯಲ್ಲಿಲ್ಲ. ಅಂದರೆ ಕಂಪನಿಯೊಂದು ಒಬ್ಬ ಕಲಾವಿದೆಯಿಂದ ದೀಪಾವಳಿ ಉಡುಗೊರೆಗೆ ಒಂದು ಪುಟ್ಟ ಕಂಚಿನ ಹಣತೆಯ ಶಿಲ್ಪ ಮಾಡಿಸಿದರೆ ಹಕ್ಕು ಆಕೆಯದೇ. ಅದೇ ಹಣತೆಯನ್ನು ಪ್ರಿಂಟಾಗಿ ಮಾಡಿಸಿದರೆ, ಕಾಗದ ಪತ್ರ ಇಲ್ಲದ ಪಕ್ಷದಲ್ಲಿ, ಕಂಪನಿಯದು. ಆಮೇಲೆ ಕಂಪನಿ ಅದನ್ನು ಚೀಲದ ಮೇಲೆ, ಲೋಟದ ಮೇಲೆ, ಜಾಹೀರಾತಿನಲ್ಲಿ ಎಷ್ಟು ಸಲ ಬೇಕಾದರೂ ಅಚ್ಚು ಹಾಕಬಹುದು. ಕೃತಿ ತನ್ನದೆಂದು ಹೇಳಿಕೊಳ್ಳುವ, ಅದನ್ನು ವಿರೂಪ ಮಾಡಿದರೆ ತಡೆಯುವ ಹಕ್ಕು 57ನೇ ಸೆಕ್ಷನ್ನಿನಡಿ ಕಲಾವಿದೆಗೆ ಉಳಿಯುತ್ತದೆ. ಹಣ ಉಳಿಯುವುದಿಲ್ಲ.

ಮೂಲ ಕೃತಿ ಹತ್ತು ಸಾವಿರ ರೂಪಾಯಿಗಿಂತ ಹೆಚ್ಚಿಗೆ ಮರುಮಾರಾಟವಾದರೆ ಅದರಲ್ಲಿ ಕಲಾವಿದರಿಗೆ ಪಾಲು ಎನ್ನುವ 53ಎ ಸೆಕ್ಷನ್ ಕೂಡ ನಮ್ಮಲ್ಲಿದೆ, ಹೆಚ್ಚೆಂದರೆ ಶೇ 10. ಇಂಡಿಯಾನಾ ಅವರಿಗೆ ಅಂಥದ್ದೊಂದು ಸಿಕ್ಕಿರಲಿಲ್ಲ. ಆದರೆ ಆ ಪಾಲು ಮೊದಲ ಒಡೆಯನಾಗಿದ್ದ ಕರ್ತೃವಿಗೆ ಮಾತ್ರ. ಒಪ್ಪಂದವಿಲ್ಲದೆ ವರ್ಣಚಿತ್ರ ಮಾಡಿಕೊಟ್ಟು 17ನೇ ಸೆಕ್ಷನ್ನಿನಲ್ಲಿ ಒಡೆತನ ಬಿಟ್ಟುಕೊಟ್ಟವರಿಗೆ ಇದೂ ಕೈತಪ್ಪುತ್ತದೆ.

ಇದನ್ನೆಲ್ಲ ತಪ್ಪಿಸಲು ಬೇಕಾದದ್ದು ಎರಡು ಪುಟದ ಒಪ್ಪಂದ. ಹಕ್ಕುಸ್ವಾಮ್ಯ ಕಲಾವಿದರದ್ದೇ ಎಂಬ ಒಂದು ಸಾಲು. ಒಟ್ಟು ಪ್ರತಿ ಎಷ್ಟು, ಎ.ಪಿ. ಎಷ್ಟು, ಯಾವ ಅಳತೆ, ಯಾವ ಬಣ್ಣ, ಅಚ್ಚು ಮುಗಿದ ಮೇಲೆ ಪರದೆ ಯಾರ ವಶ. ಈ ಹಬ್ಬಕ್ಕೆ ಕೊಟ್ಟ ಪರವಾನಗಿ ಬರುವ ವರ್ಷದ ಹಬ್ಬಕ್ಕೂ ನಡೆಯುತ್ತದೆಯೇ. ಕಾಗದದ ಮೇಲೆ ಮಾತ್ರವೋ, ಬಟ್ಟೆ, ಲೋಹ, ಮೊಬೈಲ್ ಪರದೆಗೂ ಅನ್ವಯವೋ. ಪರವಾನಗಿಯ ಅವಧಿ ಬರೆಯದಿದ್ದರೆ ಐದು ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಎಂದು ಕಾಯಿದೆ ತಾನೇ ಊಹಿಸಿಕೊಳ್ಳುತ್ತದೆ. ಬೇರೆ ಬೇಕಿದ್ದರೆ ಬರೆಯಲೇಬೇಕು. ಮುಂಗಡ ಪಡೆಯುವ ಮೊದಲು ಇದಕ್ಕೆ ಸಹಿ ಬಿದ್ದಿರಬೇಕು. ಹಬ್ಬ ಹತ್ತಿರ ಬಂದು ಮುದ್ರಣಾಲಯದ ಯಂತ್ರ ತಿರುಗತೊಡಗಿದ ಮೇಲೆ ಕಲಾವಿದರ ಮಾತಿಗೆ ತೂಕ ಉಳಿಯುವುದು ಕಷ್ಟ.